ಅಮೆರಿಕದಲ್ಲಿ ಕ್ಲಿನಿಕಲ್ ಸೈಕಾಲಜಿ ಡಾಕ್ಟರೇಟ್: ಅರ್ಜಿಯಿಂದ ಪರವಾನಗಿಯವರೆಗೆ

ಭಾರತದಲ್ಲಿ ಮನೋವಿಜ್ಞಾನದ ಪಿಎಚ್.ಡಿ. ಪಡೆದ ಮಾತ್ರಕ್ಕೆ ಯಾರೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಡಾಕ್ಟರೇಟ್ ಇಲ್ಲದೆ ಆಗಲು ಸಾಧ್ಯವಿಲ್ಲ. ಅಲ್ಲಿಗೆ ಹೋಗಿ ಓದಬೇಕೆಂದಿರುವ ನಮ್ಮ ವಿದ್ಯಾರ್ಥಿಗಳು ಮತ್ತು ಅವರ ಪೋಷಕರು ಎಲ್ಲಕ್ಕಿಂತ ಮೊದಲು ಈ ವ್ಯತ್ಯಾಸವನ್ನು ಮನದಟ್ಟು ಮಾಡಿಕೊಳ್ಳಬೇಕು. ನಮ್ಮಲ್ಲಿ ವೃತ್ತಿಯ ಹಕ್ಕು ಬರುವುದು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ, ನೋಂದಣಿಯಿಂದ. ಆ ನೋಂದಣಿಗೆ ದಶಕಗಳ ಕಾಲ ದಾರಿಯಾಗಿದ್ದದ್ದು ಆಸ್ಪತ್ರೆಯ ವಾರ್ಡುಗಳಲ್ಲಿ ಮೇಲ್ವಿಚಾರಣೆಯಡಿ ಕಲಿಯುವ ಎರಡು ವರ್ಷದ ಎಂ.ಫಿಲ್. ಯುಜಿಸಿಯ 2022ರ ನಿಯಮಗಳು ಎಂ.ಫಿಲ್. ಪದವಿಯನ್ನೇ ಕೈಬಿಟ್ಟವು, ಕ್ಲಿನಿಕಲ್ ಸೈಕಾಲಜಿ ಮತ್ತು ಮನೋರೋಗ ಸಮಾಜಕಾರ್ಯಕ್ಕೆ ಮಾತ್ರ 2025-26ನೇ ಸಾಲಿನವರೆಗೆ ವಿನಾಯಿತಿ ಸಿಕ್ಕಿತು. ಅಮೆರಿಕದಲ್ಲಾದರೋ ಸಂಶೋಧನೆ, ಚಿಕಿತ್ಸಾ ತರಬೇತಿ, ಒಂದು ವರ್ಷದ ಇಂಟರ್ನ್‌ಶಿಪ್ ಎಲ್ಲವೂ ಡಾಕ್ಟರೇಟಿನ ಒಳಗೇ ಸೇರಿರುತ್ತವೆ. ಆದ್ದರಿಂದ ಅಲ್ಲಿನ ಕೋರ್ಸನ್ನು ವಿಶ್ವವಿದ್ಯಾಲಯದ ಹೆಸರು ನೋಡಿ ಆರಿಸುವುದಕ್ಕಿಂತ, ಅದು ಪರವಾನಗಿಯ ತನಕ ತಲುಪಿಸುತ್ತದೆಯೇ, ತಲುಪಿಸುವಷ್ಟರಲ್ಲಿ ಎಷ್ಟು ಸಾಲ ಹೊರಿಸುತ್ತದೆ ಎಂಬುದನ್ನು ನೋಡಿ ಆರಿಸುವುದು ಸರಿ. ಮುಂದೆ ಹೇಳುವ ಬಹುಪಾಲು ಸಲಹೆಗಳು ಈ ಮಾತಿನ ವಿವರಗಳೇ.

ಯಾವ ಪದವಿ, ಯಾರ ದುಡ್ಡು

ಪಿಎಚ್.ಡಿ. ಮತ್ತು ಸೈ.ಡಿ. (ಡಾಕ್ಟರ್ ಆಫ್ ಸೈಕಾಲಜಿ) ಎಂಬ ಎರಡು ಪದವಿಗಳಿವೆ. ಎರಡರಿಂದಲೂ ಸಿಗುವುದು ಒಂದೇ ಪರವಾನಗಿ. 1949ರಲ್ಲಿ ಕೊಲರಾಡೊದ ಬೌಲ್ಡರ್‌ನಲ್ಲಿ ನಡೆದ ಸಮ್ಮೇಳನವು ಕ್ಲಿನಿಕಲ್ ಸೈಕಾಲಜಿಸ್ಟ್ ವಿಜ್ಞಾನಿಯೂ ಚಿಕಿತ್ಸಕನೂ ಆಗಿರಬೇಕೆಂಬ ಮಾದರಿಯನ್ನು ರೂಪಿಸಿತು, ಪಿಎಚ್.ಡಿ. ಇಂದಿಗೂ ಹೆಚ್ಚುಕಡಿಮೆ ಅದೇ ಜಾಡಿನಲ್ಲಿದೆ. ಚಿಕಿತ್ಸೆಗೇ ಒತ್ತು ಕೊಡುವ ಸೈ.ಡಿ. 1968ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು, 1973ರಲ್ಲಿ ಕೊಲರಾಡೊದ ವೇಲ್ ಎಂಬಲ್ಲಿ ನಡೆದ ಸಮ್ಮೇಳನದ ಬಳಿಕ ಹರಡಿತು. ಈ ಇತಿಹಾಸಕ್ಕಿಂತ ನಿಮಗೆ ಮುಖ್ಯವಾಗಬೇಕಾದದ್ದು ಹಣದ ಲೆಕ್ಕ. ವಿಶ್ವವಿದ್ಯಾಲಯದ ಪಿಎಚ್.ಡಿ.ಗಳಲ್ಲಿ ಸಾಮಾನ್ಯವಾಗಿ ಬೋಧನಾ ಶುಲ್ಕ ಮಾಫಿಯಾಗಿ, ಬೋಧನೆ ಅಥವಾ ಸಂಶೋಧನೆಯಲ್ಲಿ ನೆರವಾಗುವುದಕ್ಕೆ ಪ್ರತಿಯಾಗಿ ಸ್ಟೈಪೆಂಡ್ ದೊರೆಯುತ್ತದೆ. ಹೆಚ್ಚಿನ ಸೈ.ಡಿ.ಗಳಲ್ಲಿ ಶುಲ್ಕ ನಿಮ್ಮದೇ, ವರ್ಷಕ್ಕೆ 30,000 ಡಾಲರ್ ದಾಟುವುದು ಅಪರೂಪವೇನಲ್ಲ. ಬೇಲರ್ ವಿಶ್ವವಿದ್ಯಾಲಯದಂತೆ ಸೈ.ಡಿ. ವಿದ್ಯಾರ್ಥಿಗಳಿಗೂ ಆರ್ಥಿಕ ನೆರವು ಕೊಡುವ ಸಂಸ್ಥೆಗಳು ಇವೆಯಾದರೂ ಅವು ಬೆರಳೆಣಿಕೆಯವು. ನಾಲ್ಕೈದು ವರ್ಷ ಆ ಶುಲ್ಕವನ್ನು ಡಾಲರಿನಲ್ಲಿ ಕಟ್ಟಿ, ಆಮೇಲೆ ಊರಿಗೆ ಮರಳಿ ರೂಪಾಯಿಯಲ್ಲಿ ದುಡಿಯುವ ಆಲೋಚನೆಯಿದ್ದವರು ಮನೆ ಅಡವಿಟ್ಟು ಸೈ.ಡಿ. ಸೇರುವುದನ್ನು ನಾನು ಯಾವ ಕಾರಣಕ್ಕೂ ಅನುಮೋದಿಸಲಾರೆ.

ಇದಕ್ಕೂ ಹಿಂದಿನ ಪ್ರಶ್ನೆಯೊಂದಿದೆ. ಜನರೊಂದಿಗೆ ಕೂತು ಥೆರಪಿ ಮಾಡುವುದಷ್ಟೇ ನಿಮ್ಮ ಗುರಿಯಾಗಿದ್ದರೆ ಡಾಕ್ಟರೇಟ್ ಬೇಕೇ ಬೇಕೆಂದೇನಿಲ್ಲ. ಎರಡು ಅಥವಾ ಮೂರು ವರ್ಷದ ಕೌನ್ಸೆಲಿಂಗ್ ಇಲ್ಲವೇ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಪಡೆದು, ನಂತರದ ಮೇಲ್ವಿಚಾರಣೆಯ ಗಂಟೆಗಳನ್ನು ಪೂರೈಸಿ, ಪರವಾನಗಿಯೊಂದಿಗೆ ಥೆರಪಿ ಮಾಡುವವರೇ ಅಮೆರಿಕದಲ್ಲಿ ಹೆಚ್ಚು. ಡಾಕ್ಟರೇಟ್ ನಿಜವಾಗಿ ಬೇಕಾಗುವುದು ಬುದ್ಧಿಶಕ್ತಿ, ಸ್ಮೃತಿ, ವ್ಯಕ್ತಿತ್ವಗಳ ಪೂರ್ಣ ಪ್ರಮಾಣದ ಪರೀಕ್ಷೆ ನಡೆಸಲು, ಮಿದುಳು ಮತ್ತು ವರ್ತನೆಯ ಸಂಬಂಧವನ್ನು ನೋಡುವ ನ್ಯೂರೋಸೈಕಾಲಜಿಯಂಥ ವಿಶೇಷ ವಿಭಾಗಕ್ಕೆ ಹೋಗಲು, ಸಂಶೋಧನೆ ನಡೆಸಲು ಅಥವಾ ಅಧ್ಯಾಪನಕ್ಕೆ. ಡಾಕ್ಟರೇಟೇ ಬೇಕೆಂದು ತೀರ್ಮಾನಿಸಿದವರು ಕೌನ್ಸೆಲಿಂಗ್ ಸೈಕಾಲಜಿಯ ಪಿಎಚ್.ಡಿ.ಗಳನ್ನೂ ಪಟ್ಟಿಗೆ ಸೇರಿಸಿಕೊಳ್ಳಬೇಕು. ಹೆಸರು ಬೇರೆಯಾದರೂ ಅದರಿಂದ ಸಿಗುವುದು ಇದೇ ಪರವಾನಗಿ, ಆದರೂ ಅತ್ತ ಹೆಚ್ಚಿನವರು ನೋಡುವುದೇ ಇಲ್ಲ.

ಅಂಕಿಅಂಶದ ಪುಟವನ್ನು ಓದುವ ಬಗೆ

ಪಟ್ಟಿ ಮಾಡುವಾಗ ಮೊದಲ ಜರಡಿ ಎಪಿಎ, ಅಂದರೆ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ಮಾನ್ಯತೆ. ಮಾನ್ಯತೆಯಿಲ್ಲದ ಕೋರ್ಸ್ ಮಾಡಿದವರಿಗೆ ಒಳ್ಳೆಯ ಇಂಟರ್ನ್‌ಶಿಪ್‌ಗಳ ಬಾಗಿಲು ಮುಚ್ಚಿರುತ್ತದೆ, ಹಲವು ರಾಜ್ಯಗಳಲ್ಲಿ ಪರವಾನಗಿಗೂ ತೊಡಕಾಗುತ್ತದೆ. ಸಂಪೂರ್ಣವಾಗಿ ಆನ್‌ಲೈನಿನಲ್ಲೇ ನಡೆಯುವ ಡಾಕ್ಟರೇಟಿಗೆ ಎಪಿಎ ಮಾನ್ಯತೆ ಕೊಡುವುದಿಲ್ಲ, ಆದ್ದರಿಂದ ಅಂಥ ಜಾಹೀರಾತುಗಳನ್ನು ಅಲ್ಲಿಗೇ ಬಿಟ್ಟುಬಿಡಬಹುದು.

ಮಾನ್ಯತೆ ಪಡೆದ ಪ್ರತಿಯೊಂದು ಡಾಕ್ಟರೇಟ್ ಕೋರ್ಸೂ ತನ್ನ ಜಾಲತಾಣದಲ್ಲಿ ವಿದ್ಯಾರ್ಥಿಗಳ ಪ್ರವೇಶ, ಫಲಿತಾಂಶ ಮತ್ತಿತರ ಮಾಹಿತಿಯ ಪುಟವೊಂದನ್ನು ಪ್ರಕಟಿಸಲೇಬೇಕು, ಪ್ರತಿವರ್ಷ ನವೀಕರಿಸಲೇಬೇಕು. ಕಿರುಹೊತ್ತಗೆಯ ಹಸಿರು ಹುಲ್ಲುಹಾಸಿನ ಚಿತ್ರಗಳಿಗಿಂತ ಈ ಪುಟಕ್ಕೆ ಒಂದು ಸಂಜೆಯನ್ನು ಮೀಸಲಿಡುವುದು ಲೇಸು. ಅದರಲ್ಲಿ ಮುಖ್ಯವಾಗಿ ಐದು ವಿಷಯಗಳ ಕೋಷ್ಟಕಗಳಿರುತ್ತವೆ: ಕೋರ್ಸ್ ಮುಗಿಸಲು ಹಿಡಿದ ಕಾಲ, ಖರ್ಚು, ಇಂಟರ್ನ್‌ಶಿಪ್, ನಡುವೆ ಬಿಟ್ಟುಹೋದವರು, ಪರವಾನಗಿ ಪಡೆದವರು.

ಖರ್ಚಿನ ಕೋಷ್ಟಕದಲ್ಲಿ ಮೊದಲ ವರ್ಷದ ವಿದ್ಯಾರ್ಥಿ ಕಟ್ಟುವ ಬೋಧನಾ ಶುಲ್ಕವಿರುತ್ತದೆ. ಅದರ ಕೆಳಗೆ ವಿಶ್ವವಿದ್ಯಾಲಯದ ಇತರ ಶುಲ್ಕಗಳು ಬೇರೆ ಸಾಲಿನಲ್ಲಿರುತ್ತವೆ. ಶುಲ್ಕ ಮಾಫಿ ಎಂದಾಗ ಇವು ಹೆಚ್ಚಾಗಿ ಅದರಲ್ಲಿ ಸೇರಿರುವುದಿಲ್ಲ. ಇಂಟರ್ನ್‌ಶಿಪ್ ಕೋಷ್ಟಕದಲ್ಲಿ ಕಣ್ಣಿಗೆ ಬೀಳುವುದು ಒಟ್ಟು ಸ್ಥಾನ ಪಡೆದವರ ಶೇಕಡಾವಾರು. ಅಲ್ಲಿಗೇ ನಿಲ್ಲದೆ, ಎಪಿಎ ಮಾನ್ಯತೆ ಪಡೆದ ಇಂಟರ್ನ್‌ಶಿಪ್‌ಗಳಲ್ಲಿ ಸ್ಥಾನ ಪಡೆದವರ ಸಾಲನ್ನು ಹುಡುಕಿ. ಇವೆರಡರ ನಡುವೆ ದೊಡ್ಡ ಅಂತರವಿದ್ದರೆ ಆ ಕೋರ್ಸಿನ ತರಬೇತಿಯ ಬಗ್ಗೆ ಆಸ್ಪತ್ರೆಗಳಿಗೆ ಅಷ್ಟಾಗಿ ನಂಬಿಕೆಯಿಲ್ಲವೆಂದೇ ಅರ್ಥ. ಬಿಟ್ಟುಹೋದವರ ಕೋಷ್ಟಕವನ್ನು ಒಂದು ವರ್ಷಕ್ಕೆ ಸೀಮಿತವಾಗಿ ಓದಬೇಡಿ. ಏಳು ಮಂದಿಯ ತಂಡದಲ್ಲಿ ಒಬ್ಬರು ಬಿಟ್ಟರೂ ಶೇ. 14 ಆಗುತ್ತದೆ, ವರ್ಷ ವರ್ಷವೂ ಯಾರಾದರೊಬ್ಬರು ಹೋಗುತ್ತಲೇ ಇದ್ದರೆ ಮಾತ್ರ ಕಾರಣವೇನೆಂದು ಸಂದರ್ಶನದಲ್ಲಿ ಅಲ್ಲಿನ ವಿದ್ಯಾರ್ಥಿಗಳನ್ನೇ ಕೇಳಬೇಕು. ತಂಡದ ಗಾತ್ರವೂ ಇದೇ ಪುಟದಲ್ಲಿ ತಿಳಿಯುತ್ತದೆ. ವರ್ಷಕ್ಕೆ ಏಳೆಂಟು ಮಂದಿಯನ್ನು ಸೇರಿಸಿಕೊಳ್ಳುವ ಕಡೆ ಪ್ರಾಧ್ಯಾಪಕರು ನಿಮ್ಮ ಥೆರಪಿಯ ವಿಡಿಯೊವನ್ನು ಕೂತು ನೋಡುತ್ತಾರೆ. ಅರವತ್ತು ಮಂದಿಯನ್ನು ಸೇರಿಸಿಕೊಳ್ಳುವ ಕಡೆ ಅದು ಸಾಧ್ಯವೇ ಎಂದು ನೀವೇ ಲೆಕ್ಕ ಹಾಕಿ.

ಸಂಸ್ಥೆಯ ಆರ್ಥಿಕ ಸ್ಥಿತಿಯನ್ನೂ ಕಡೆಗಣಿಸುವಂತಿಲ್ಲ. ಹಲವು ರಾಜ್ಯಗಳಲ್ಲಿ ಕ್ಯಾಂಪಸ್‌ಗಳಿದ್ದು ಸೈ.ಡಿ. ನಡೆಸುತ್ತಿದ್ದ ಆರ್ಗೋಸಿ ವಿಶ್ವವಿದ್ಯಾಲಯ 2019ರ ಮಾರ್ಚಿನಲ್ಲಿ ಸೆಮಿಸ್ಟರಿನ ನಡುವೆಯೇ ಬಾಗಿಲು ಹಾಕಿದಾಗ ಸಾವಿರಾರು ವಿದ್ಯಾರ್ಥಿಗಳು ಅತಂತ್ರರಾದರು.

ಅರ್ಜಿಗೆ ಮುನ್ನಿನ ಎರಡು ವರ್ಷ

ನೆರವು ಸಿಗುವ ಪಿಎಚ್.ಡಿ.ಗಳಲ್ಲಿ ಐದರಿಂದ ಹತ್ತು ಸ್ಥಾನಗಳಿಗೆ ನೂರಾರು ಅರ್ಜಿಗಳು ಬರುತ್ತವೆ. ಅಂಕಪಟ್ಟಿ ಒಂದರಿಂದಲೇ ಆ ರಾಶಿಯಿಂದ ಮೇಲೇಳಲು ಆಗುವುದಿಲ್ಲ. ಆಯ್ಕೆ ನಡೆಸುವ ಪ್ರಾಧ್ಯಾಪಕರು ಹುಡುಕುವುದು ತಮ್ಮ ಪ್ರಯೋಗಾಲಯದಲ್ಲಿ ಐದಾರು ವರ್ಷ ದುಡಿಯಬಲ್ಲ ಕಿರಿಯ ಸಹೋದ್ಯೋಗಿಯನ್ನು. ಅಮೆರಿಕದ ಅಭ್ಯರ್ಥಿಗಳಲ್ಲಿ ಅನೇಕರು ಪದವಿಯ ನಂತರ ಒಂದೆರಡು ವರ್ಷ ಸಂಶೋಧನಾ ಸಹಾಯಕರಾಗಿ ಕೆಲಸ ಮಾಡಿಯೇ ಅರ್ಜಿ ಹಾಕುತ್ತಾರೆ. ಬೆಂಗಳೂರಿನಲ್ಲಿರುವವರಿಗೆ ನಿಮ್ಹಾನ್ಸ್‌ನ ಸಂಶೋಧನಾ ಯೋಜನೆಗಳಲ್ಲಿ ಆಗಾಗ ತೆರವಾಗುವ ತಾತ್ಕಾಲಿಕ ಹುದ್ದೆಗಳು ಇದಕ್ಕೆ ಸರಿಸಮ, ಧಾರವಾಡದ ಡಿಮ್ಹಾನ್ಸ್ ಮತ್ತು ವೈದ್ಯಕೀಯ ಕಾಲೇಜುಗಳ ಮನೋರೋಗ ವಿಭಾಗಗಳಲ್ಲೂ ಕೇಳಿ ನೋಡಬಹುದು. ಸಂಬಳ ಕಡಿಮೆಯೆಂದು ಬಿಡಬೇಡಿ. ಅಲ್ಲಿ ದತ್ತಾಂಶ ಸಂಗ್ರಹ, ನೈತಿಕ ಸಮಿತಿಯ ಅನುಮತಿ ಪತ್ರ, ಎಸ್‌ಪಿಎಸ್‌ಎಸ್ ಅಥವಾ ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ವಿಶ್ಲೇಷಣೆ, ಸಮ್ಮೇಳನದಲ್ಲೊಂದು ಪೋಸ್ಟರ್, ಇವಿಷ್ಟಾದರೆ ಅರ್ಜಿಯ ಬೆನ್ನೆಲುಬು ಸಿದ್ಧವಾದಂತೆ.

ನಮ್ಮ ಮೂರು ವರ್ಷದ ಬಿ.ಎ. ಅಥವಾ ಬಿ.ಎಸ್ಸಿ. ಪದವಿಯನ್ನು ಕೆಲವು ವಿಶ್ವವಿದ್ಯಾಲಯಗಳು ಅಲ್ಲಿನ ನಾಲ್ಕು ವರ್ಷದ ಪದವಿಗೆ ಸಮವೆಂದು ಒಪ್ಪುವುದಿಲ್ಲ, ಆದರೆ ಎಂ.ಎ. ಅಥವಾ ಎಂ.ಎಸ್ಸಿ. ಇದ್ದರೆ ಆ ತಕರಾರು ಸಾಮಾನ್ಯವಾಗಿ ಏಳುವುದಿಲ್ಲ. ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗ 1924ರಿಂದ ನಡೆದುಬಂದದ್ದು, ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ ಮುಂದೆ ತಮ್ಮ ಮನೆಯಿಂದ ಆಕಾಶವಾಣಿಯನ್ನೂ ಆರಂಭಿಸಿದವರು. ಇಷ್ಟು ಹಳೆಯ ವಿಭಾಗದ ಅಂಕಪಟ್ಟಿಯೂ ಅಮೆರಿಕದ ಪ್ರವೇಶ ಕಚೇರಿಗೆ ಅಪರಿಚಿತವೇ. ಆದ್ದರಿಂದ ವಿದೇಶಿ ಪದವಿಗಳನ್ನು ಅಳೆದು ಹೇಳುವ ಡಬ್ಲ್ಯುಇಎಸ್‌ನಂಥ ಸಂಸ್ಥೆಯಿಂದ ವಿಷಯವಾರು ಮೌಲ್ಯಮಾಪನ ಮಾಡಿಸಬೇಕಾಗಬಹುದು. ಪರೀಕ್ಷಾ ವಿಭಾಗದಿಂದ ಮೊಹರು ಹಾಕಿದ ಲಕೋಟೆ ಹೊರಬರಲು ಹಿಡಿಯುವ ಕಾಲ ನಮಗೆಲ್ಲ ಗೊತ್ತಿರುವುದೇ. ಈ ಕೆಲಸವನ್ನು ಅರ್ಜಿಯ ಬೇಸಿಗೆಯಲ್ಲೇ ಶುರು ಮಾಡಿ. ಸಂಖ್ಯಾಶಾಸ್ತ್ರ, ಸಂಶೋಧನಾ ವಿಧಾನ ಮತ್ತು ಅಸಹಜ ಮನೋವಿಜ್ಞಾನದ ಪತ್ರಿಕೆಗಳು ಅಂಕಪಟ್ಟಿಯಲ್ಲಿ ಸ್ಪಷ್ಟವಾಗಿ ಕಾಣಿಸಬೇಕು. ಪ್ರವೇಶಕ್ಕಾಗಿ ಬರೆಯುವ ಜಿಆರ್‌ಇ ಪರೀಕ್ಷೆ ಈಗ ಅನೇಕ ಕಡೆ ಕಡ್ಡಾಯವಲ್ಲ. ಇಂಗ್ಲಿಷ್ ಪರೀಕ್ಷೆಗಳಾದ ಟೋಫೆಲ್ ಅಥವಾ ಐಇಎಲ್‌ಟಿಎಸ್‌ನಿಂದ ವಿನಾಯಿತಿ ಇದೆಯೇ ಎಂಬುದನ್ನು ಒಂದೊಂದು ಕಡೆಯೂ ಕೇಳಿ ತಿಳಿಯಬೇಕು.

ಎಂ.ಫಿಲ್. ಮುಗಿಸಿ ಆರ್‌ಸಿಐ ನೋಂದಣಿ ಪಡೆದವರಿಗೆ ಪ್ರತ್ಯೇಕವಾಗಿ ಹೇಳಬೇಕಾದ ಮಾತೊಂದಿದೆ. ನಿಮ್ಮ ವಾರ್ಡಿನ ಅನುಭವಕ್ಕೆ ಆಯ್ಕೆಯ ಹಂತದಲ್ಲಿ ತೂಕವಿರುತ್ತದೆ, ಒಂದೆರಡು ಪತ್ರಿಕೆಗಳಿಂದ ವಿನಾಯಿತಿ ಸಿಕ್ಕರೂ ಸಿಗಬಹುದು. ಆದರೆ ಪ್ರಾಕ್ಟಿಕಂ (ಓದಿನ ನಡುವೆ ಮೇಲ್ವಿಚಾರಣೆಯಡಿ ನಡೆಯುವ ಚಿಕಿತ್ಸಾ ತರಬೇತಿ), ಪ್ರಬಂಧ, ಇಂಟರ್ನ್‌ಶಿಪ್ ಯಾವುದೂ ತಪ್ಪುವುದಿಲ್ಲ. ಮೊದಲಿನಿಂದ ಐದಾರು ವರ್ಷ ಮತ್ತೆ ವಿದ್ಯಾರ್ಥಿಯಾಗಿರಲು ಮನಸ್ಸು ಒಪ್ಪದಿದ್ದರೆ ನಿಮ್ಹಾನ್ಸ್‌ನಂಥ ಕಡೆ ಪಿಎಚ್.ಡಿ. ಮಾಡುವುದೇ ಮೇಲು.

ಮಾರ್ಗದರ್ಶಕರ ಹುಡುಕಾಟ ಮತ್ತು ಅರ್ಜಿಯ ಬರವಣಿಗೆ

ಹೆಚ್ಚಿನ ಪಿಎಚ್.ಡಿ.ಗಳಲ್ಲಿ ನೀವು ಅರ್ಜಿ ಹಾಕುವುದು ಹೆಸರಿಗೆ ವಿಭಾಗಕ್ಕೆ, ನಿಜದಲ್ಲಿ ಒಬ್ಬ ಪ್ರಾಧ್ಯಾಪಕರಿಗೆ. ಅವರು ಆ ವರ್ಷ ವಿದ್ಯಾರ್ಥಿಯನ್ನು ತೆಗೆದುಕೊಳ್ಳದಿದ್ದರೆ ನಿಮ್ಮ ಅರ್ಜಿ ಎಷ್ಟು ಚೆನ್ನಾಗಿದ್ದರೂ ಅಲ್ಲಿ ಅದನ್ನು ಕೈಗೆತ್ತಿಕೊಳ್ಳುವವರಿಲ್ಲ. ಆದ್ದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ನಿಮ್ಮ ಆಸಕ್ತಿಯ ವಿಷಯದಲ್ಲಿ ಕಳೆದ ಮೂರ್ನಾಲ್ಕು ವರ್ಷಗಳ ಲೇಖನಗಳನ್ನು ಓದಿ, ಬರೆದವರ ಹೆಸರುಗಳನ್ನು ಹೆಕ್ಕಿ, ಅವರ ಪುಟದಲ್ಲಿ ಮುಂದಿನ ವರ್ಷಕ್ಕೆ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವರೇ ಎಂದು ನೋಡಿ. ಪುಟದಲ್ಲಿ ಇಲ್ಲದಿದ್ದರೆ ಐದಾರು ಸಾಲಿನ ಇಮೇಲ್ ಸಾಕು: ನೀವು ಯಾರು, ಈಗ ಏನು ಮಾಡುತ್ತಿದ್ದೀರಿ, ಅವರ ಯಾವ ಕೆಲಸ ನಿಮ್ಮ ಪ್ರಶ್ನೆಗೆ ಹತ್ತಿರ, ಸ್ಥಾನ ಇದೆಯೇ. ‘ಗೌರವಾನ್ವಿತ ಮಹೋದಯರೇ’ ಎಂದು ಶುರುವಾಗಿ ಹೈಸ್ಕೂಲಿನ ಶೇಕಡಾವಾರಿನ ತನಕ ಹೋಗುವ ಪತ್ರವನ್ನು ಅವರು ಓದುವುದಿಲ್ಲ.

ಉದ್ದೇಶ ಪತ್ರದಲ್ಲಿ ನಮ್ಮ ವಿದ್ಯಾರ್ಥಿಗಳು ಎಡವುವುದು ಹೆಚ್ಚು. ‘ಚಿಕ್ಕಂದಿನಿಂದಲೂ ಸ್ನೇಹಿತರೆಲ್ಲ ತಮ್ಮ ಕಷ್ಟಗಳನ್ನು ನನ್ನ ಬಳಿಯೇ ಹೇಳಿಕೊಳ್ಳುತ್ತಿದ್ದರು’ ಎಂಬ ಸಾಲು ಸಾವಿರ ಅರ್ಜಿಗಳಲ್ಲಿ ಇರುತ್ತದೆ, ಅದರಿಂದ ಯಾರ ಬಗ್ಗೆಯೂ ಏನೂ ತಿಳಿಯುವುದಿಲ್ಲ. ಅದರ ಬದಲು ಹೀಗೊಂದು ಪ್ಯಾರಾ ಇದೆಯೆಂದು ಇಟ್ಟುಕೊಳ್ಳಿ: ಅಭ್ಯರ್ಥಿ ಮಂಡ್ಯ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಪಿಎಚ್‌ಕ್ಯು-9 ಎಂಬ ಖಿನ್ನತೆಯ ಪ್ರಶ್ನಾವಳಿಯನ್ನು ತುಂಬಿಸುವಾಗ, ಮನಸ್ಸಿನ ಬೇಸರದ ಪ್ರಶ್ನೆಗೆ ‘ಹಂಗೇನಿಲ್ಲ’ ಎಂದ ಹೆಂಗಸರೇ ನಿದ್ದೆ, ಸುಸ್ತು, ಹಸಿವಿನ ಪ್ರಶ್ನೆಗಳಿಗೆ ‘ದಿನಾ ಇದೇ ಪಾಡು’ ಎಂದದ್ದನ್ನು ಗಮನಿಸಿದ್ದಾಳೆ. ಒಟ್ಟು ಅಂಕ ಒಂದೇ ಆದರೂ ಅದು ಯಾವ ಪ್ರಶ್ನೆಗಳಿಂದ ಬಂತು ಎಂಬುದನ್ನು ಬೇರ್ಪಡಿಸಿ ನೋಡಿದ್ದಾಳೆ. ರಕ್ತಹೀನತೆಯಿಂದಲೂ ಸುಸ್ತು ಬರುವುದರಿಂದ ಆ ಅಂಕವನ್ನು ಎಷ್ಟು ನಂಬಬಹುದು ಎಂಬ ಅನುಮಾನ ಅವಳಲ್ಲಿ ಹುಟ್ಟಿದೆ. ದೈಹಿಕ ಲಕ್ಷಣಗಳ ಮೂಲಕ ಕಾಣಿಸಿಕೊಳ್ಳುವ ಖಿನ್ನತೆಯ ಅಳತೆಯ ಬಗ್ಗೆ ಕೆಲಸ ಮಾಡುವ ಪ್ರಾಧ್ಯಾಪಕರ ಹೆಸರನ್ನು ಬರೆದು, ಅವರೊಂದಿಗೆ ಈ ಪ್ರಶ್ನೆಯನ್ನು ಹೇಗೆ ಮುಂದುವರಿಸಬಯಸುತ್ತಾಳೆಂದು ಎರಡು ವಾಕ್ಯದಲ್ಲಿ ಹೇಳಿದ್ದಾಳೆ. ಓದಿದವರಿಗೆ ಈಕೆ ಯೋಚಿಸುವ ರೀತಿ ಕಾಣುತ್ತದೆ. ನಿಮ್ಮದೇ ಖಿನ್ನತೆಯ ಅಥವಾ ಮನೆಯ ದುರಂತದ ಕಥೆಯನ್ನು ಪುಟಗಟ್ಟಲೆ ಬರೆಯುವುದು ಬೇಡ. ಅನುಭವ ನಿಜವಾಗಿದ್ದರೂ ಆಯ್ಕೆ ಸಮಿತಿ ಅದನ್ನು ಅನುಮಾನದಿಂದಲೇ ಓದುತ್ತದೆ, ಇದು ನ್ಯಾಯವೋ ಅಲ್ಲವೋ ಎಂಬ ಚರ್ಚೆ ಬೇರೆ.

ಶಿಫಾರಸು ಪತ್ರಗಳ ವಿಷಯದಲ್ಲೂ ಇದೇ ಕಥೆ. ‘ಈಕೆ ಶ್ರಮಜೀವಿ, ವಿನಯಶೀಲೆ, ಇವಳ ಭವಿಷ್ಯ ಉಜ್ವಲವಾಗಲಿ’ ಎಂದು ವಿಭಾಗದ ಮುಖ್ಯಸ್ಥರು ಲೆಟರ್‌ಹೆಡ್ಡಿನಲ್ಲಿ ಬರೆದುಕೊಡುವ ನಾಲ್ಕು ಸಾಲು ಅಲ್ಲಿ ನಿಮಗೆ ಕೇಡನ್ನೇ ಮಾಡುತ್ತದೆ. ನಿಮ್ಮೊಡನೆ ಕೂತು ದತ್ತಾಂಶ ನೋಡಿದವರು, ನಿಮ್ಮ ಪ್ರಬಂಧವನ್ನು ತಿದ್ದಿದವರು ಎಷ್ಟೇ ಕಿರಿಯ ಹುದ್ದೆಯಲ್ಲಿದ್ದರೂ ಅವರಿಂದಲೇ ಬರೆಸಿ. ಅವರಿಗೆ ನಿಮ್ಮ ಕೆಲಸದ ವಿವರಗಳ ಒಂದು ಪುಟವನ್ನು ಸೆಪ್ಟೆಂಬರಿನಲ್ಲೇ ಕೊಡಿ. ಪತ್ರವನ್ನೇ ‘ನೀವೇ ಬರೆದು ತನ್ನಿ, ಸಹಿ ಹಾಕುತ್ತೇನೆ’ ಎನ್ನುವ ಮೇಷ್ಟ್ರನ್ನು ನಯವಾಗಿ ತಪ್ಪಿಸಿಕೊಳ್ಳುವುದು ಒಳ್ಳೆಯದು.

ಅರ್ಜಿಯ ಕೊನೆಯ ದಿನ ಬಹಳಷ್ಟು ಕಡೆ ಡಿಸೆಂಬರ್ 1ರ ಆಸುಪಾಸು. ಹತ್ತು ಹನ್ನೆರಡು ಕಡೆ ಹಾಕಿದರೆ ಅರ್ಜಿ ಶುಲ್ಕವೇ ಸಾವಿರ ಡಾಲರಿನ ಸಮೀಪ ಹೋಗುತ್ತದೆ. ಶುಲ್ಕ ವಿನಾಯಿತಿಗೆ ಕೇಳಲು ಸಂಕೋಚಪಡಬೇಡಿ. ಸಂದರ್ಶನಗಳು ಜನವರಿ, ಫೆಬ್ರವರಿಯಲ್ಲಿ. ಅಲ್ಲಿನ ವಿದ್ಯಾರ್ಥಿಗಳೊಂದಿಗಿನ ಹರಟೆಯೂ ಸಂದರ್ಶನದ ಭಾಗವೇ. ಸ್ಥಾನ ಸಿಕ್ಕಿದರೆ ಆರ್ಥಿಕ ನೆರವಿನೊಂದಿಗೆ ಬಂದ ಆಹ್ವಾನಕ್ಕೆ ಉತ್ತರಿಸಲು ಸಾಮಾನ್ಯವಾಗಿ ಏಪ್ರಿಲ್ 15ರವರೆಗೆ ಕಾಲಾವಕಾಶವಿರುತ್ತದೆ.

ಸೇರಿದ ಮೇಲೆ

ಮೊದಲ ಎರಡು ವರ್ಷ ತರಗತಿಗಳು, ವಿಭಾಗದ ಸ್ವಂತ ಕ್ಲಿನಿಕ್‌ನಲ್ಲಿ ಮೊದಲ ರೋಗಿಗಳು, ಸ್ನಾತಕೋತ್ತರ ಪ್ರಬಂಧ. ಆಮೇಲೆ ಹೊರಗಿನ ಆಸ್ಪತ್ರೆಗಳಲ್ಲಿ ಪ್ರಾಕ್ಟಿಕಂ, ಅರ್ಹತಾ ಪರೀಕ್ಷೆ, ಡಾಕ್ಟರಲ್ ಪ್ರಬಂಧ. ಒಟ್ಟು ಐದರಿಂದ ಏಳು ವರ್ಷ. ಮೊದಲ ದಿನದಿಂದಲೇ ರೋಗಿಯೊಂದಿಗೆ ಕಳೆದ ಪ್ರತಿ ಗಂಟೆ, ಮೇಲ್ವಿಚಾರಣೆಯ ಪ್ರತಿ ಗಂಟೆ, ನೀಡಿದ ಪ್ರತಿ ಪರೀಕ್ಷೆಯ ಹೆಸರು ಬರೆದಿಡಬೇಕು. ನಾಲ್ಕನೇ ವರ್ಷದಲ್ಲಿ ಇಂಟರ್ನ್‌ಶಿಪ್ ಅರ್ಜಿ ತುಂಬುವಾಗ ವಯಸ್ಕರಿಗೆ ಎಷ್ಟು, ಮಕ್ಕಳಿಗೆ ಎಷ್ಟು, ಡಬ್ಲ್ಯುಎಐಎಸ್ ಎಂಬ ವಯಸ್ಕರ ಬುದ್ಧಿಶಕ್ತಿ ಪರೀಕ್ಷೆ ಎಷ್ಟು ಬಾರಿ ಎಂದೆಲ್ಲ ಬಿಡಿಬಿಡಿಯಾಗಿ ಕೇಳುತ್ತಾರೆ, ಆಗ ನೆನಪಿನಿಂದ ಲೆಕ್ಕ ಒಪ್ಪಿಸಲು ಆಗದು.

ಇಂಟರ್ನ್‌ಶಿಪ್ ಆಪಿಕ್ ಎಂಬ ಸಂಸ್ಥೆ ನಡೆಸುವ ರಾಷ್ಟ್ರಮಟ್ಟದ ಹೊಂದಾಣಿಕೆಯ ಮೂಲಕ ಸಿಗುತ್ತದೆ. ವಿದ್ಯಾರ್ಥಿಗಳು ತಮಗೆ ಬೇಕಾದ ಸ್ಥಳಗಳನ್ನೂ ಆಸ್ಪತ್ರೆಗಳು ತಮಗೆ ಬೇಕಾದ ವಿದ್ಯಾರ್ಥಿಗಳನ್ನೂ ಕ್ರಮವಾಗಿ ಪಟ್ಟಿ ಮಾಡುತ್ತಾರೆ, ಕಂಪ್ಯೂಟರ್ ಜೋಡಿಸುತ್ತದೆ, ಫೆಬ್ರವರಿಯಲ್ಲಿ ಫಲಿತಾಂಶ ಬರುತ್ತದೆ. ಆಗ ಸಿಗದವರಿಗೆ ಎರಡನೇ ಸುತ್ತಿದೆ. ಇಲ್ಲಿ ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಎರಡು ಸಂಗತಿಗಳನ್ನು ಸೇರುವ ಮುನ್ನವೇ ತಿಳಿದಿರಬೇಕು. ಒಂದು, ದೇಶದಲ್ಲೇ ಅತಿ ಹೆಚ್ಚು ಸೈಕಾಲಜಿಸ್ಟ್‌ಗಳಿಗೆ ತರಬೇತಿ ಕೊಡುವ, ಮಾಜಿ ಸೈನಿಕರಿಗಾಗಿ ಸರ್ಕಾರ ನಡೆಸುವ ವೆಟರನ್ಸ್ ಅಫೇರ್ಸ್ ಆಸ್ಪತ್ರೆಗಳ ಇಂಟರ್ನ್‌ಶಿಪ್‌ಗೆ ಅಮೆರಿಕದ ಪೌರತ್ವ ಬೇಕು. ಸಹಪಾಠಿಗಳ ಪಟ್ಟಿಯಲ್ಲಿ ಅರ್ಧದಷ್ಟು ಅವೇ ಇದ್ದರೂ ನಿಮ್ಮ ಪಟ್ಟಿ ವೈದ್ಯಕೀಯ ಕಾಲೇಜು, ವಿಶ್ವವಿದ್ಯಾಲಯದ ಕೌನ್ಸೆಲಿಂಗ್ ಕೇಂದ್ರ, ಮಕ್ಕಳ ಆಸ್ಪತ್ರೆಗಳತ್ತ ತಿರುಗಬೇಕು, ಪ್ರಾಕ್ಟಿಕಂಗಳನ್ನೂ ಅದಕ್ಕೆ ತಕ್ಕಂತೆ ಆರಿಸಬೇಕು. ಎರಡು, ಪಠ್ಯಕ್ರಮದ ಭಾಗವಾಗಿ ದುಡಿಯಲು ಕೊಡುವ ಸಿಪಿಟಿ ಅನುಮತಿಯನ್ನು ಪೂರ್ಣಾವಧಿಯಾಗಿ 12 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಬಳಸಿದರೆ, ಪದವಿಯ ನಂತರ ದುಡಿಯಲು ಸಿಗುವ ಒಪಿಟಿ ಕೈತಪ್ಪುತ್ತದೆ. ಇಂಟರ್ನ್‌ಶಿಪ್ ಸರಿಯಾಗಿ ಒಂದು ವರ್ಷದ್ದು. ಆರಂಭ ಮತ್ತು ಮುಕ್ತಾಯದ ದಿನಾಂಕಗಳನ್ನು ನಮೂನೆಯಲ್ಲಿ ಬರೆಯುವ ಮೊದಲೇ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೂತು ಮಾತಾಡಬೇಕಾದ್ದು ಇದಕ್ಕಾಗಿ. ವಿಶ್ವವಿದ್ಯಾಲಯ ವೀಸಾಕ್ಕಾಗಿ ಕೊಡುವ ಐ-20 ಪತ್ರದಲ್ಲಿ ನಮೂದಾಗಿರುವ ನಿಮ್ಮ ಕೋರ್ಸಿನ ಸಂಕೇತ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದೆಯೇ ಎಂದೂ ಅಲ್ಲೇ ಕೇಳಿ, ಒಪಿಟಿಯ ವಿಸ್ತರಣೆ ಅದರ ಮೇಲೆ ನಿಂತಿರುತ್ತದೆ.

ಪರವಾನಗಿ, ಮತ್ತು ಮರಳಿ ಬರುವವರಿಗೆ

ಪರವಾನಗಿ ಕೊಡುವುದು ರಾಜ್ಯಗಳು, ಒಂದೊಂದರದೂ ಒಂದೊಂದು ನಿಯಮ. ಕ್ಯಾಲಿಫೋರ್ನಿಯಾ ಒಟ್ಟು 3,000 ಗಂಟೆಗಳ ಮೇಲ್ವಿಚಾರಣೆಯ ಅನುಭವ ಕೇಳುತ್ತದೆ, ಅದರಲ್ಲಿ ಕನಿಷ್ಠ 1,500 ಪದವಿಯ ನಂತರದ್ದಾಗಿರಬೇಕು. ಕೆಲವು ರಾಜ್ಯಗಳು ಪದವಿಯ ನಂತರದ ಗಂಟೆಗಳನ್ನು ಕೇಳುವುದೇ ಇಲ್ಲ. ಒಪಿಟಿಯ ಒಂದು ವರ್ಷದೊಳಗೆ ಎಲ್ಲ ಮುಗಿಸಬೇಕಾದವರಿಗೆ ಈ ವ್ಯತ್ಯಾಸ ದೊಡ್ಡದು. ಇಪಿಪಿಪಿ ಎಂಬ ಲಿಖಿತ ಪರೀಕ್ಷೆ ಎಲ್ಲ ಕಡೆಗೂ ಸಾಮಾನ್ಯ: ಈವರೆಗಿನ ರೂಪದಲ್ಲಿ 225 ಬಹುಆಯ್ಕೆಯ ಪ್ರಶ್ನೆಗಳು, ನಾಲ್ಕೂಕಾಲು ಗಂಟೆ, ಹೆಚ್ಚಿನ ರಾಜ್ಯಗಳಲ್ಲಿ ತೇರ್ಗಡೆಗೆ 500ರ ಅಳತೆಯಂಕ (ಸ್ಕೇಲ್ಡ್ ಸ್ಕೋರ್, ಇದು ಸರಿಯುತ್ತರಗಳ ಎಣಿಕೆಯಲ್ಲ). ಪ್ರಶ್ನೆಗಳ ಪೈಕಿ 175ಕ್ಕೆ ಮಾತ್ರ ಅಂಕವಿದೆ, ಉಳಿದವು ಮುಂದಿನ ಪರೀಕ್ಷೆಗಳಿಗಾಗಿ ಒರೆಗೆ ಹಚ್ಚುತ್ತಿರುವವು. ಯಾವುದು ಯಾವುದೆಂದು ಹೇಳುವುದಿಲ್ಲವಾದ್ದರಿಂದ ವಿಚಿತ್ರವೆನಿಸುವ ಪ್ರಶ್ನೆ ಬಂದರೆ ಗಾಬರಿಯಾಗದೆ ಮುಂದೆ ಸಾಗಿ.

ಸೈಪ್ಯಾಕ್ಟ್ ಒಪ್ಪಂದಕ್ಕೆ ಸೇರಿರುವ 40ಕ್ಕೂ ಹೆಚ್ಚು ರಾಜ್ಯಗಳ ನಡುವೆ ಆನ್‌ಲೈನ್ ಚಿಕಿತ್ಸೆ ನಡೆಸಬಹುದು. ಆದರೆ ಆ ಒಪ್ಪಂದ ಅಮೆರಿಕದ ಗಡಿ ದಾಟುವುದಿಲ್ಲ. ಡಲ್ಲಾಸ್‌ನಲ್ಲಿ ಕೂತು ದಾವಣಗೆರೆಯಲ್ಲಿರುವ ರೋಗಿಗೆ ಥೆರಪಿ ಮಾಡಲು ಟೆಕ್ಸಸ್ ಪರವಾನಗಿ ಅಧಿಕಾರ ಕೊಡುವುದಿಲ್ಲ. ಕರ್ನಾಟಕಕ್ಕೆ ಮರಳಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂಬ ಫಲಕ ಹಾಕಲು ಆರ್‌ಸಿಐ ನೋಂದಣಿ ಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆ ಹೆಸರಿಗೆ ಕೊಡುವ ವ್ಯಾಖ್ಯೆಯೂ ಆರ್‌ಸಿಐ ಮಾನ್ಯ ಮಾಡಿದ ಅರ್ಹತೆಯನ್ನೇ ಆಧರಿಸಿದೆ. ವಿದೇಶಿ ಪದವಿಯೊಂದಿಗೆ ಅರ್ಜಿ ಹಾಕುವಾಗ ಬರೀ ಪದವಿ ಪ್ರಮಾಣಪತ್ರ ಸಾಲದು, ತರಬೇತಿಯ ಒಳವಿವರಕ್ಕೂ ದಾಖಲೆ ಕೈಯಲ್ಲಿರಬೇಕು. ಆದ್ದರಿಂದ ಅಮೆರಿಕ ಬಿಡುವ ಮೊದಲು ಪ್ರತಿ ಪತ್ರಿಕೆಯ ಪಠ್ಯಕ್ರಮ, ಪ್ರತಿ ಪ್ರಾಕ್ಟಿಕಂನ ಗಂಟೆಗಳ ಲೆಕ್ಕಕ್ಕೆ ಮೇಲ್ವಿಚಾರಕರ ಸಹಿ, ಇಂಟರ್ನ್‌ಶಿಪ್ ಪೂರೈಸಿದ ಪತ್ರ, ಕೋರ್ಸಿಗೆ ಆ ವರ್ಷಗಳಲ್ಲಿ ಎಪಿಎ ಮಾನ್ಯತೆ ಇದ್ದುದರ ದಾಖಲೆ ಇವನ್ನೆಲ್ಲ ಕಾಗದದಲ್ಲೂ ಕಂಪ್ಯೂಟರಿನಲ್ಲೂ ಇಟ್ಟುಕೊಳ್ಳಿ. ಮೇಲ್ವಿಚಾರಕರು ನಿವೃತ್ತರಾಗಿ ಊರು ಬಿಟ್ಟ ಮೇಲೆ ಒಂದು ಸಹಿಗಾಗಿ ಇಲ್ಲಿಂದ ಅಲೆಯುವುದು ತುಂಬ ಕಷ್ಟದ ಕೆಲಸ.